ನೀರೊಳಗೆ ಉಸಿರು ಬಿಗಿಹಿಡಿಯಬೇಡಿ

ಒಂದು ಭಾನುವಾರ ಸಂಜೆ ಜೆ.ಪಿ. ನಗರದ ತಾಯಿಯೊಬ್ಬರು ಇಪ್ಪತ್ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. “ಬೆಳಿಗ್ಗೆಯಿಂದ ಎದೆಯಲ್ಲಿ ಏನೋ ಹಿಡಿದುಕೊಂಡ ಹಾಗಿದೆ ಅಂತಾನೆ ಡಾಕ್ಟ್ರೇ. ದನಿಯೂ ಬದಲಾಗಿದೆ. ನೆಗಡಿ ಇರಬೇಕು ಅಂತ ಕಷಾಯ ಮಾಡಿಕೊಟ್ಟೆ” ಎಂದರು.

ಹುಡುಗನಿಗೆ ಜ್ವರವಿರಲಿಲ್ಲ, ಗಂಟಲು ಕೆಂಪಾಗಿರಲಿಲ್ಲ. ಕತ್ತಿನ ಬುಡ ಸ್ವಲ್ಪ ಊದಿದಂತಿತ್ತು. ಕೊರಳೆಲುಬಿನ ಮೇಲಿನ ಚರ್ಮವನ್ನು ಬೆರಳಿನಿಂದ ಒತ್ತಿದೆ. ಬಟ್ಟೆಯಡಿ ಹುರಿದ ಅವಲಕ್ಕಿ ಇಟ್ಟು ಒತ್ತಿದ ಹಾಗೆ ಚರಚರ ಎಂದಿತು. ಚರ್ಮದ ಕೆಳಗೆ ಗಾಳಿ ಸೇರಿಕೊಂಡಿತ್ತು.

“ಎಲ್ಲಾದರೂ ಏಟು ಬಿತ್ತೇನಪ್ಪಾ?” ಎಂದು ಕೇಳಿದೆ.

“ಇಲ್ಲ ಡಾಕ್ಟ್ರೇ. ಬೆಳಿಗ್ಗೆ ಸ್ಕೂಬಾ ಕ್ಲಾಸಿಗೆ ಹೋಗಿದ್ದೆ.”

“ಸಮುದ್ರಕ್ಕೇನೂ ಹೋಗಿಲ್ಲ. ಇಲ್ಲೇ ಈಜುಕೊಳದಲ್ಲಿ. ಎರಡಾಳು ಆಳವೂ ಇಲ್ಲವಂತೆ” ಎಂದರು ತಾಯಿ.

ನಡೆದದ್ದು ಇಷ್ಟು. ಕೊಳದ ತಳದಲ್ಲಿ, ಸುಮಾರು 10 ಅಡಿ ನೀರಿನಲ್ಲಿ, ಆತ ಸಿಲಿಂಡರಿನ ಗಾಳಿಯನ್ನು ಎದೆತುಂಬ ಎಳೆದುಕೊಂಡಿದ್ದಾನೆ. ಅದೇ ಗಳಿಗೆಯಲ್ಲಿ ಪಕ್ಕದಲ್ಲಿದ್ದವನ ಕಾಲು ತಾಗಿ ಬಾಯಲ್ಲಿದ್ದ ರೆಗ್ಯುಲೇಟರ್ ಕಳಚಿತು. ತಡಕಾಡಿದರೆ ಕೈಗೆ ಸಿಗಲಿಲ್ಲ. ಚಿಕ್ಕಂದಿನಿಂದ ಈಜು ಬಲ್ಲ ಹುಡುಗ. ಬಾಯಿ ಮುಚ್ಚಿ, ಉಸಿರು ಬಿಗಿಹಿಡಿದು, ತಳಕ್ಕೆ ಕಾಲೊದ್ದು ಮೇಲಕ್ಕೆ ಚಿಮ್ಮಿದ. ಈಜು ಕಲಿಸಿದವರು ಹೇಳಿಕೊಟ್ಟಿದ್ದನ್ನೇ ಮಾಡಿದ. ಅದೇ ತಪ್ಪಾಯಿತು.

ಕೂಡಲೇ ಆಸ್ಪತ್ರೆಗೆ ಕಳುಹಿಸಿದೆ. ಎಕ್ಸ್‌ರೇ ಮತ್ತು ಸಿ.ಟಿ. ಸ್ಕ್ಯಾನ್‌ನಲ್ಲಿ ಎರಡು ಶ್ವಾಸಕೋಶಗಳ ನಡುವೆ, ಹೃದಯದ ಸುತ್ತ ಗಾಳಿ ಸೋರಿರುವುದು ಕಂಡಿತು. ಆಮ್ಲಜನಕ ಕೊಟ್ಟು, ಮಲಗಿಸಿ, ಕಣ್ಣಿಟ್ಟು ನೋಡಿಕೊಂಡರು. ನಾಲ್ಕು ದಿನಕ್ಕೆ ಮನೆಗೆ ಬಂದ. ಅವನ ಅದೃಷ್ಟ ದೊಡ್ಡದು. ಅದೇ ಗಾಳಿ ರಕ್ತನಾಳಕ್ಕೆ ನುಗ್ಗಿ ಮೆದುಳನ್ನು ಸೇರಿದ್ದರೆ ಕೊಳದ ದಂಡೆಯಲ್ಲೇ ಪ್ರಜ್ಞೆ ತಪ್ಪುತ್ತಿತ್ತು.

ಹತ್ತಡಿ ನೀರಿನಲ್ಲಿ ಇಷ್ಟೆಲ್ಲ ಆಗಬಹುದೇ? ಆಗಬಹುದು. ಏಕೆ ಎಂಬುದನ್ನು ಮನೆಯವರೆಲ್ಲರೂ ತಿಳಿದಿರುವುದು ಒಳ್ಳೆಯದು. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ ಕಡಲಲ್ಲಿರುವ ನೇತ್ರಾಣಿ ದ್ವೀಪಕ್ಕೆ ಸ್ಕೂಬಾಗೆಂದು ಹೋಗುವ ಬೆಂಗಳೂರಿನವರ ಸಂಖ್ಯೆ ಸಣ್ಣದಲ್ಲ. 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ ‘ಗಂಧದಗುಡಿ’ಯಲ್ಲಿ ಆ ನೀರಿನ ಒಳಗನ್ನು ನೋಡಿದ ಮಕ್ಕಳು “ನಾವೂ ಹೋಗೋಣ” ಎನ್ನುವುದು ಸಹಜವೇ.

ಸಿಲಿಂಡರಿನಲ್ಲಿ ಇರುವುದೇನು?

ಬೆನ್ನ ಮೇಲಿನದು ‘ಆಕ್ಸಿಜನ್ ಸಿಲಿಂಡರ್’ ಎಂದು ಬಹಳ ಮಂದಿ ತಿಳಿದಿದ್ದಾರೆ. ಅಲ್ಲ. ಸಾಮಾನ್ಯವಾಗಿ ಅದರಲ್ಲಿರುವುದು ನಾವು ಉಸಿರಾಡುವ ಗಾಳಿಯೇ. ಅದರಲ್ಲಿ ನೂರಕ್ಕೆ 21 ಭಾಗ ಮಾತ್ರ ಆಮ್ಲಜನಕ, ಉಳಿದದ್ದು ಹೆಚ್ಚಿನಂಶ ಸಾರಜನಕ. ಆ ಗಾಳಿಯನ್ನು ಸೋಸಿ, ಒತ್ತಿ ತುಂಬಿರುತ್ತಾರೆ. 11 ಲೀಟರ್ ಹಿಡಿಸುವ ಸಿಲಿಂಡರಿನಲ್ಲಿ 200 ಪಟ್ಟು ಒತ್ತಡದಲ್ಲಿ ಸುಮಾರು 2,200 ಲೀಟರ್ ಗಾಳಿ ಇರುತ್ತದೆ.

ಅಷ್ಟು ಒತ್ತಡದ ಗಾಳಿಯನ್ನು ನೇರವಾಗಿ ಬಾಯಿಗೆ ಬಿಟ್ಟರೆ ಎದೆ ಒಡೆದೀತು. ಒತ್ತಡವನ್ನು ಎರಡು ಹಂತದಲ್ಲಿ ಇಳಿಸಿ, ಉಸಿರೆಳೆದಾಗ ಮಾತ್ರ, ಆ ಆಳಕ್ಕೆ ತಕ್ಕ ಒತ್ತಡದಲ್ಲಿ ಗಾಳಿ ಕೊಡುವ ಸಾಧನವೇ ರೆಗ್ಯುಲೇಟರ್. 1943ರಲ್ಲಿ ಫ್ರಾನ್ಸಿನ ನೌಕಾ ಅಧಿಕಾರಿ ಝಾಕ್ ಕುಸ್ತೊ ಮತ್ತು ಇಂಜಿನಿಯರ್ ಎಮಿಲ್ ಗಾನ್ಯಾ ಇದನ್ನು ರೂಪಿಸಿದರು. ಇದರ ಜೊತೆಗೆ ಕಣ್ಣು ಮೂಗು ಮುಚ್ಚುವ ಮಾಸ್ಕ್, ಗಾಳಿ ತುಂಬಿ ತೇಲಬಲ್ಲ ಜಾಕೆಟ್, ಮುಳುಗಲು ಸೀಸದ ತೂಕದ ಬೆಲ್ಟ್, ಕಾಲಿಗೆ ಈಜುರೆಕ್ಕೆ, ಗಾಳಿ ಎಷ್ಟು ಉಳಿದಿದೆಯೆಂದು ತೋರಿಸುವ ಮೀಟರ್ ಇರುತ್ತವೆ.

ಬಾವಿ ಈಜಿಗೂ ಇದಕ್ಕೂ ಇರುವ ವ್ಯತ್ಯಾಸ

ಹಳ್ಳಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು ಈಗಲೂ ನಮ್ಮ ನಡುವೆ ಇದ್ದಾರೆ. ತಳಕ್ಕೆ ಮುಳುಗಿ ನಾಣ್ಯ ಹೆಕ್ಕಿ ತರುವ ಪಂದ್ಯವನ್ನೂ ಅವರು ಆಡಿರುತ್ತಾರೆ. ಆ ಹುಡುಗ ಮೇಲಿನ ಗಾಳಿಯನ್ನು ಎದೆಯಲ್ಲಿ ತುಂಬಿಕೊಂಡು ಇಳಿಯುತ್ತಾನೆ. ಕೆಳಗೆ ಹೋದಂತೆ ನೀರಿನ ಒತ್ತಡಕ್ಕೆ ಆ ಗಾಳಿ ಕುಗ್ಗುತ್ತದೆ. ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ, ಅದಕ್ಕಿಂತ ಹಿಗ್ಗುವುದಿಲ್ಲ. ಆದ್ದರಿಂದ ಅವನು ಉಸಿರು ಹಿಡಿದು ಮೇಲೆ ಬಂದರೂ ಶ್ವಾಸಕೋಶ ಹರಿಯುವುದಿಲ್ಲ.

ಸ್ಕೂಬಾದಲ್ಲಿ ಹಾಗಲ್ಲ. ಇಲ್ಲಿ ಗಾಳಿ ಎಳೆದುಕೊಳ್ಳುವುದೇ ನೀರಿನ ಕೆಳಗೆ, ಕೆಳಗಿನ ಒತ್ತಡದಲ್ಲಿ. ಒತ್ತಡ ಇಳಿದಷ್ಟೂ ಗಾಳಿ ಹಿಗ್ಗುತ್ತದೆ ಎಂಬುದು 1662ರಲ್ಲಿ ರಾಬರ್ಟ್ ಬಾಯ್ಲ್ ತೋರಿಸಿದ ನಿಯಮ. ಹೈಸ್ಕೂಲಿನಲ್ಲಿ ನಾವೆಲ್ಲ ಓದಿದ್ದೇವೆ. ಸಮುದ್ರದಲ್ಲಿ 10 ಮೀಟರ್ ಆಳಕ್ಕೆ ಒತ್ತಡ ಇಮ್ಮಡಿಯಾಗುತ್ತದೆ. ಅಲ್ಲಿ ಎಳೆದ 5 ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ 10 ಲೀಟರ್ ಆಗಲು ನೋಡುತ್ತದೆ.

ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿನ ವಾಯುಭಾರ ಕರಾವಳಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಹಾಗಾಗಿ ಇಲ್ಲಿನ ಕೊಳದ 10 ಅಡಿ ತಳದಲ್ಲಿ ಎಳೆದ 6 ಲೀಟರ್ ಗಾಳಿ ಮೇಲೆ ಬರುವಾಗ ಹೆಚ್ಚುಕಡಿಮೆ 8 ಲೀಟರ್ ಆಗಬೇಕು. ಬಾಯಿ ಮುಚ್ಚಿದ್ದರೆ ಆ ಎರಡು ಲೀಟರ್ ಎಲ್ಲಿಗೆ ಹೋಗಬೇಕು? ಶ್ವಾಸಕೋಶದ ಸೂಕ್ಷ್ಮ ಗಾಳಿಗೂಡುಗಳು ಹರಿದು ಅದಕ್ಕೆ ದಾರಿ ಮಾಡಿಕೊಡುತ್ತವೆ. ಎದೆತುಂಬ ಗಾಳಿಯಿದ್ದರೆ ನಾಲ್ಕಡಿ ಆಳದಿಂದ ಎದ್ದರೂ ಇದು ಆಗಬಹುದು. ಮೇಲ್ಮೈಗೆ ಹತ್ತಿರವಾದಂತೆ ಹಿಗ್ಗುವ ಪ್ರಮಾಣ ಹೆಚ್ಚಾಗುವುದರಿಂದ ಕೊನೆಯ ಕೆಲವು ಅಡಿಗಳೇ ಹೆಚ್ಚು ಅಪಾಯಕಾರಿ.

ಆದ್ದರಿಂದ ಸ್ಕೂಬಾ ಪಾಠದ ಮೊದಲ ನಿಯಮ: ಉಸಿರಾಡುತ್ತಲೇ ಇರಬೇಕು, ಎಂದೂ ಬಿಗಿಹಿಡಿಯಬಾರದು. ಬಾಯಲ್ಲಿ ರೆಗ್ಯುಲೇಟರ್ ಇಲ್ಲದ ಗಳಿಗೆಯಲ್ಲಿ “ಆ...” ಎನ್ನುತ್ತ ಸಣ್ಣಗೆ ಗುಳ್ಳೆ ಬಿಡುತ್ತಿರಬೇಕು. ಗುಳ್ಳೆ ಹೊರಡುತ್ತಿದೆ ಎಂದರೆ ಗಂಟಲು ತೆರೆದಿದೆ ಎಂದರ್ಥ.

ಕೈಗಳು ಕಲಿಯಬೇಕಾದ ಕೆಲಸಗಳು

ನಿಯಮ ಬಾಯಿಪಾಠವಾದರೆ ಸಾಲದು. ಗಾಬರಿಯಾದಾಗ ಮನಸ್ಸು ಓಡುವುದಿಲ್ಲ, ಕೈ ಮಾತ್ರ ಓಡುತ್ತದೆ. ಕೈಗೆ ದಾರಿ ಗೊತ್ತಿರದಿದ್ದರೆ ದೇಹ ಹಳೆಯ ಅಭ್ಯಾಸಕ್ಕೆ ಮರಳಿ ಉಸಿರು ಹಿಡಿಯುತ್ತದೆ. ಕಡಲಿಗೆ ಕರೆದೊಯ್ಯುವ ಮೊದಲು ಕೊಳದಲ್ಲಿ ಸಲಕರಣೆಗಳ ಅಭ್ಯಾಸ ಮಾಡಿಸುವುದು ಇದಕ್ಕಾಗಿ. ಈ ಕೆಳಗಿನವು ಮುಖ್ಯ.

1. ಮಾಸ್ಕಿನ ನೀರು ತೆಗೆಯುವುದು: ಮಾಸ್ಕಿನೊಳಗೆ ನೀರು ಬರುವುದು ಸಾಮಾನ್ಯ. ಮೂಗಿಗೆ ನೀರು ತಾಗಿದೊಡನೆ ಉಸಿರು ಕಟ್ಟಿದಂತಾಗಿ ಹೊಸಬರು ಮೇಲಕ್ಕೆ ಹಾರುತ್ತಾರೆ. ಮಾಡಬೇಕಾದದ್ದು ಸುಲಭ. ಬಾಯಿಯಿಂದ ಉಸಿರೆಳೆದು, ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ, ತಲೆಯನ್ನು ನಿಧಾನವಾಗಿ ಮೇಲಕ್ಕೆತ್ತುತ್ತ ಮೂಗಿನಿಂದ ಉಸಿರು ಬಿಡಬೇಕು. ಗಾಳಿ ಮೇಲೆ ತುಂಬಿ ನೀರು ಕೆಳಗಂಚಿನಿಂದ ಹೊರಹೋಗುತ್ತದೆ. ಮಾಸ್ಕ್ ಪೂರ್ತಿ ತೆಗೆದು, ಒಂದು ನಿಮಿಷ ಬಾಯಿಯಿಂದಲೇ ಉಸಿರಾಡಿ, ಮತ್ತೆ ತೊಡುವುದನ್ನೂ ಕಲಿಯಬೇಕು. ಇದು ಬಂದ ಮೇಲೆ ಮಾಸ್ಕಿನ ಭಯ ಬಹುಮಟ್ಟಿಗೆ ಹೋಗುತ್ತದೆ.

2. ಕಳಚಿದ ರೆಗ್ಯುಲೇಟರನ್ನು ಹಿಡಿಯುವುದು: ನಮ್ಮ ಹುಡುಗನಿಗೆ ಬೇಕಾಗಿದ್ದದ್ದು ಇದು. ಕಳಚಿದ ರೆಗ್ಯುಲೇಟರ್ ಎಲ್ಲೂ ಹೋಗಿರುವುದಿಲ್ಲ. ಅದರ ಕೊಳವೆ ಬಲ ಭುಜದ ಹಿಂದಿನಿಂದ ಬಂದು ಬಲ ಪಕ್ಕದಲ್ಲೇ ತೂಗುತ್ತಿರುತ್ತದೆ. ಬಲ ಭುಜ ತಗ್ಗಿಸಿ, ಬಲಗೈಯನ್ನು ತೊಡೆಗೆ ತಾಗಿಸುತ್ತ ಹಿಂದಕ್ಕೆ ಒಯ್ದು ಸಿಲಿಂಡರನ್ನು ಮುಟ್ಟಬೇಕು. ಆಮೇಲೆ ಕೈ ಚಾಚಿ ದೊಡ್ಡ ಸುತ್ತಿನಲ್ಲಿ ಮುಂದಕ್ಕೆ ತಂದರೆ ಕೊಳವೆ ತೋಳಿನ ಮೇಲೆ ಬಂದು ಕೂರುತ್ತದೆ. ಇಷ್ಟೂ ಹೊತ್ತು “ಆ...” ನಡೆದಿರಬೇಕು. ಬಾಯಿಗಿಟ್ಟ ಮೇಲೆ ಮೊದಲು ಉಸಿರೆಳೆಯಬಾರದು, ಒಳಗೆ ನೀರಿರುತ್ತದೆ. ಜೋರಾಗಿ ಊದಿ ನೀರು ಹೊರಹಾಕಬೇಕು. ಊದಲು ಉಸಿರಿಲ್ಲದಿದ್ದರೆ ನಾಲಗೆಯನ್ನು ಅಡ್ಡವಿಟ್ಟು ಮುಂಭಾಗದ ಗುಂಡಿ ಒತ್ತಿದರೆ ಗಾಳಿಯೇ ನೀರನ್ನು ತಳ್ಳುತ್ತದೆ.

3. ಜೊತೆಗಾರನ ಗಾಳಿ ಪಡೆಯುವುದು: ಪ್ರತಿಯೊಬ್ಬರ ಬಳಿಯೂ ಎರಡನೆಯದೊಂದು ರೆಗ್ಯುಲೇಟರ್ ಇರುತ್ತದೆ. ಎದ್ದು ಕಾಣಲೆಂದು ಅದು ಸಾಮಾನ್ಯವಾಗಿ ಹಳದಿ ಬಣ್ಣದ್ದು. ಅಂಗೈಯನ್ನು ಕುತ್ತಿಗೆಯ ಅಡ್ಡಕ್ಕೆ ಎಳೆದರೆ ‘ನನ್ನಲ್ಲಿ ಗಾಳಿ ಮುಗಿದಿದೆ’ ಎಂದರ್ಥ. ಹಳದಿಯದನ್ನು ತೆಗೆದುಕೊಂಡು, ಒಬ್ಬರ ತೋಳನ್ನೊಬ್ಬರು ಹಿಡಿದು, ಇಬ್ಬರೂ ನಿಧಾನವಾಗಿ ಮೇಲೇರಬೇಕು.

4. ಮೀಟರ್ ನೋಡುವುದು: ಶಾಂತವಾಗಿರುವವನು ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಗಾಳಿ ಬಳಸುತ್ತಾನೆ ಎಂದುಕೊಳ್ಳಿ. 10 ಮೀಟರ್ ಆಳದಲ್ಲಿ ಅದೇ ಉಸಿರಿಗೆ ಇಮ್ಮಡಿ ಗಾಳಿ ಬೇಕು. ಅಂದರೆ 2,200 ಲೀಟರಿನ ಸಿಲಿಂಡರ್ ಲೆಕ್ಕಕ್ಕೆ 55 ನಿಮಿಷ ಬರುತ್ತದೆ. ಗಾಬರಿಯಲ್ಲಿ ಉಸಿರಾಟ ಮೂರು ಪಟ್ಟಾದರೆ ಅದು 20 ನಿಮಿಷವೂ ಬಾರದು. ಈ ಲೆಕ್ಕ ಪೂರ್ತಿ ಖಾಲಿಯಾಗುವವರೆಗಿನದು. ಕಾಲುಭಾಗ ಉಳಿದಿರುವಾಗಲೇ ನೀರಿನಿಂದ ಹೊರಗಿರಬೇಕು.

5. ಜಾಕೆಟ್ ಮತ್ತು ತೂಕದ ಬೆಲ್ಟ್: ಜಾಕೆಟ್ಟಿಗೆ ಗಾಳಿ ತುಂಬುವ, ಬಿಡುವ ಗುಂಡಿಗಳು ಎಡಗೈಗೆ ಕಣ್ಣು ಮುಚ್ಚಿಯೂ ತಿಳಿಯಬೇಕು. ತಪ್ಪಿ ತುಂಬುವ ಗುಂಡಿ ಒತ್ತಿದರೆ ಬೆಂಡಿನಂತೆ ಮೇಲಕ್ಕೆ ಚಿಮ್ಮುತ್ತೀರಿ. ಮೇಲ್ಮೈಗೆ ಬಂದ ಮೇಲೂ ತೇಲಲು ಕಷ್ಟವಾದರೆ ತೂಕದ ಬೆಲ್ಟನ್ನು ಒಂದೇ ಎಳೆತಕ್ಕೆ ಬಿಚ್ಚಿ ಬೀಳಿಸಬೇಕು. ಜೀವ ಕಳೆದುಕೊಂಡ ಎಷ್ಟೋ ಮಂದಿಯ ಸೊಂಟದಲ್ಲಿ ಬೆಲ್ಟ್ ಹಾಗೆಯೇ ಇತ್ತೆಂಬುದು ಈ ಕ್ಷೇತ್ರದವರು ಮತ್ತೆ ಮತ್ತೆ ಕಂಡಿರುವ ಸಂಗತಿ.

6. ನಿಧಾನವಾಗಿ ಏರುವುದು: ನಿಮಿಷಕ್ಕೆ 9 ಮೀಟರಿಗಿಂತ ವೇಗ ಬೇಡ. ಮೇಲೆ ಬರುವ ಮುನ್ನ 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುವುದು ರೂಢಿ. ಒತ್ತಡದಲ್ಲಿ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿದ ಸಾರಜನಕ ಉಸಿರಿನ ಮೂಲಕ ಹೊರಹೋಗಲು ಅಷ್ಟು ಸಮಯ ಬೇಕು. ಆತುರಪಟ್ಟರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವಂತೆ ಒಳಗೇ ಗುಳ್ಳೆಗಳೇಳುತ್ತವೆ.

ಇವನ್ನು ಒಂದು ಸಲ ಮಾಡಿ ತೋರಿಸಿದರೆ ಕಲಿತಂತಾಗಲಿಲ್ಲ. ಸ್ಕೂಟರ್ ಕಲಿತವರು ಬ್ರೇಕ್ ಹಿಡಿಯಲು ಯೋಚಿಸುವುದಿಲ್ಲ. ಹಾಗೆ ಆಗುವವರೆಗೆ ಮಾಡಬೇಕು.

ಕಿವಿಯ ಮಾತು

ಸ್ಕೂಬಾ ಕಲಿಯುವವರಲ್ಲಿ ಅತಿ ಸಾಮಾನ್ಯವಾದ ತೊಂದರೆ ಕಿವಿಯದು. ಇಳಿಯುವಾಗ ನೀರಿನ ಒತ್ತಡ ಕಿವಿತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿದರೆ ಗಂಟಲಿನಿಂದ ಕಿವಿಗೆ ಹೋಗುವ ನಾಳ ತೆರೆದು ಒತ್ತಡ ಸಮವಾಗುತ್ತದೆ. ನೋವು ಬಂದ ಮೇಲೆ ಮಾಡುವುದಲ್ಲ. ನೋವು ಬರುವ ಮೊದಲೇ, ಪ್ರತಿ ಮೀಟರಿಗೂ ಮಾಡಬೇಕು. ತೆರೆಯದಿದ್ದರೆ ಸ್ವಲ್ಪ ಮೇಲೇರಿ ಮತ್ತೆ ಪ್ರಯತ್ನಿಸಬೇಕು. ಬಲವಂತವಾಗಿ ಊದಿದರೆ ಒಳಕಿವಿಗೇ ಪೆಟ್ಟಾಗಿ ಕಿವುಡುತನ, ತಲೆಸುತ್ತು ಬರಬಹುದು.

ನೆಗಡಿಯಿದ್ದ ದಿನ ಇಳಿಯಲೇಬೇಡಿ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿಯುವುದೂ ಸರಿಯಲ್ಲ. ನೀರಿನೊಳಗಿರುವಾಗಲೇ ಅದರ ಪ್ರಭಾವ ಇಳಿದರೆ ಹಿಗ್ಗುವ ಗಾಳಿ ಹೊರಬರಲಾರದೆ ಸಿಕ್ಕಿಕೊಳ್ಳುತ್ತದೆ.

ಯಾರು ಮೊದಲು ವೈದ್ಯರನ್ನು ಕಾಣಬೇಕು?

ತರಬೇತಿಗೆ ಸೇರುವಾಗ ಆರೋಗ್ಯದ ಬಗ್ಗೆ ಪ್ರಶ್ನೆಗಳಿರುವ ಒಂದು ಫಾರಂ ಕೊಡುತ್ತಾರೆ. ಎಲ್ಲಕ್ಕೂ ‘ಇಲ್ಲ’ ಎಂದು ಗೀಚಿ ಸಹಿ ಹಾಕುವವರೇ ಬಹಳ. ಇದು ತಮಗೆ ತಾವೇ ಮಾಡಿಕೊಳ್ಳುವ ಮೋಸ. ಆಸ್ತಮಾ, ಎಂದಾದರೂ ಶ್ವಾಸಕೋಶದ ಸುತ್ತ ಗಾಳಿ ಸೇರಿದ್ದ ಇತಿಹಾಸ, ಮೂರ್ಛೆರೋಗ, ಹೃದ್ರೋಗ, ರಕ್ತದೊತ್ತಡ, ಮಧುಮೇಹ, ಕಿವಿ ಅಥವಾ ಕಣ್ಣಿನ ಶಸ್ತ್ರಚಿಕಿತ್ಸೆ, ಮುಚ್ಚಿದ ಜಾಗದ ತೀವ್ರ ಭಯ - ಇವುಗಳಲ್ಲಿ ಯಾವುದಿದ್ದರೂ ಮುಚ್ಚಿಡಬೇಡಿ. ಇವರೆಲ್ಲರಿಗೂ ‘ಬೇಡ’ ಎಂದೇ ಉತ್ತರವಲ್ಲ. ಆದರೆ ಪರೀಕ್ಷೆಯಾಗದೆ ಇಳಿಯಬಾರದು. ಹಿಂದೆ ತಾನಾಗಿಯೇ ಶ್ವಾಸಕೋಶ ಕುಸಿದಿದ್ದವರು ಮತ್ತು ಗರ್ಭಿಣಿಯರು ಮಾತ್ರ ಸ್ಕೂಬಾದ ಆಸೆ ಬಿಡುವುದೇ ಸರಿ. 45 ದಾಟಿದವರು, ಅದರಲ್ಲೂ ಧೂಮಪಾನಿಗಳು, ಹೃದಯ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಕೋವಿಡ್‌ನಿಂದ ಆಸ್ಪತ್ರೆಯಲ್ಲಿ ಮಲಗಿದ್ದವರು ಶ್ವಾಸಕೋಶ ಪೂರ್ತಿ ಸುಧಾರಿಸಿದೆಯೆಂದು ಖಚಿತಪಡಿಸಿಕೊಳ್ಳಬೇಕು.

ಕನ್ನಡಕ ಹಾಕುವವರಿಗೆ ಪವರ್ ಇರುವ ಮಾಸ್ಕ್ ಸಿಗುತ್ತದೆ. ರೆಗ್ಯುಲೇಟರಿನ ಬಾಯಿಗಿಡುವ ಭಾಗವನ್ನು ಪ್ರತಿಯೊಬ್ಬರಿಗೂ ತೊಳೆದು, ಸೋಂಕು ನಿವಾರಕದಲ್ಲಿ ಅದ್ದಿ ಕೊಡುತ್ತಾರೆಯೇ ಎಂದು ಕೇಳಲು ಸಂಕೋಚ ಬೇಡ.

ಘಟ್ಟ ಹತ್ತುವ ಮುನ್ನ

ನೇತ್ರಾಣಿಗೆ ಹೋಗುವ ನಮ್ಮವರು ಮರೆಯುವ ಮಾತೊಂದಿದೆ. ಬೆಳಿಗ್ಗೆ ಮುಳುಗಿ, ಸಂಜೆಯೇ ಬಸ್ಸು ಹತ್ತಿ, ಬೆಳಗಾಗುವುದರೊಳಗೆ ಬನಶಂಕರಿಯಲ್ಲಿ ಇಳಿಯುವ ಆತುರ. ಸಮುದ್ರಮಟ್ಟದಲ್ಲಿ ಮುಳುಗಿದವರು ಅದೇ ದಿನ ಘಟ್ಟ ಹತ್ತಿ 900 ಮೀಟರ್ ಎತ್ತರಕ್ಕೆ ಬಂದರೆ ಸುತ್ತಲಿನ ಒತ್ತಡ ಇನ್ನಷ್ಟು ಇಳಿದು, ದೇಹದಲ್ಲಿ ಉಳಿದಿರುವ ಸಾರಜನಕ ಗುಳ್ಳೆಗಟ್ಟಲು ಅನುಕೂಲವಾಗುತ್ತದೆ. ವಿಮಾನ ಏರುವವರಿಗೆ ಹೇಳುವ ಎಚ್ಚರಿಕೆ 600 ಮೀಟರ್ ಮೀರಿದ ಎತ್ತರಕ್ಕೆಲ್ಲ ಅನ್ವಯಿಸುತ್ತದೆ. ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಮುಳುಗಿದ್ದರೆ ಕನಿಷ್ಠ 18 ಗಂಟೆ ಕಳೆಯಲಿ. ಆ ರಾತ್ರಿ ಮುರ್ಡೇಶ್ವರದಲ್ಲೇ ಉಳಿದು, ಚೆನ್ನಾಗಿ ನೀರು ಕುಡಿದು, ಮದ್ಯದಿಂದ ದೂರವಿದ್ದು, ಮರುದಿನ ಹೊರಡಿ.

ಮೇಲೆ ಬಂದ ಕೂಡಲೇ ಎದೆನೋವು, ಕೆಮ್ಮಿನಲ್ಲಿ ರಕ್ತ, ದನಿ ಬದಲಾವಣೆ, ತೊದಲು, ಕೈಕಾಲಿನ ಬಲಹೀನತೆ, ಪ್ರಜ್ಞೆ ತಪ್ಪುವುದು. ಅಥವಾ ಒಂದು ದಿನದೊಳಗೆ ಕೀಲುನೋವು, ಜೋಮು, ವಿಪರೀತ ಆಯಾಸ, ಚರ್ಮದ ಮೇಲೆ ಮಚ್ಚೆ ಕಂಡರೆ ಅಲಕ್ಷಿಸಬೇಡಿ. ರೋಗಿಯನ್ನು ಅಂಗಾತ ಮಲಗಿಸಿ, ಸಿಕ್ಕರೆ ಶುದ್ಧ ಆಮ್ಲಜನಕ ಕೊಡಿಸುತ್ತ ಆಸ್ಪತ್ರೆಗೆ ಒಯ್ಯಿರಿ. ಸ್ಕೂಬಾ ಮಾಡಿದ ವಿಷಯವನ್ನು ವೈದ್ಯರಿಗೆ ಮೊದಲು ಹೇಳಿ. ಗುಳ್ಳೆಗಳನ್ನು ಕರಗಿಸುವ ಅಧಿಕ ಒತ್ತಡದ ಕೋಣೆ ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲ; ಅದು ಎಲ್ಲಿದೆಯೆಂದು ವಿಚಾರಿಸಲು ಸಮಯ ಬೇಕಾಗುತ್ತದೆ.

ಮನೆಯವರು ಕೇಳಬೇಕಾದ ಪ್ರಶ್ನೆಗಳು

ಪ್ರವಾಸದ ಒಂದು ದಿನದ ಮುಳುಗಿಗೂ ಪೂರ್ಣ ತರಬೇತಿಗೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ತರಬೇತುದಾರ ಹಿಡಿದುಕೊಂಡೇ ಇರುತ್ತಾನೆ, ಈಜು ಬಾರದವರೂ ಹೋಗುತ್ತಾರೆ. ಎರಡನೆಯದರಲ್ಲಿ ಪಾಠ, ಕೊಳದ ಅಭ್ಯಾಸ, 200 ಮೀಟರ್ ಈಜು, 10 ನಿಮಿಷ ತೇಲುವ ಪರೀಕ್ಷೆ, ಆಮೇಲೆ ಕಡಲಿನಲ್ಲಿ ನಾಲ್ಕು ಮುಳುಗು ಇರುತ್ತವೆ. ಯಾವುದೇ ಇರಲಿ, ಕೇಳಿ: ಒಬ್ಬ ತರಬೇತುದಾರನಿಗೆ ಎಷ್ಟು ಜನ? ಮಾಸ್ಕ್, ರೆಗ್ಯುಲೇಟರ್ ಅಭ್ಯಾಸವನ್ನು ಆಳವಿಲ್ಲದ ನೀರಿನಲ್ಲಿ ಮೊದಲು ಮಾಡಿಸುತ್ತೀರಾ? ದೋಣಿಯಲ್ಲಿ ಆಮ್ಲಜನಕ ಇದೆಯೇ? ಬೇಡವೆನಿಸಿದರೆ ಮಗು ವಾಪಸು ಬರಬಹುದೇ? ಕೊನೆಯ ಪ್ರಶ್ನೆಗೆ ನಗುವವರ ಬಳಿ ಕಳುಹಿಸಬೇಡಿ.

ಆ ಹುಡುಗ ನಾಲ್ಕು ತಿಂಗಳ ಬಳಿಕ ಮತ್ತೆ ಬಂದ. ಕೈಯಲ್ಲಿ ಹೊಸ ಫಾರಂ, ಜೊತೆಗೆ ಅದೇ ತಾಯಿ. ಎದೆರೋಗ ತಜ್ಞರು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ, ಶ್ವಾಸಕೋಶದಲ್ಲಿ ಹುಟ್ಟುದೋಷವಾಗಲಿ ಗಾಳಿಚೀಲವಾಗಲಿ ಇಲ್ಲವೆಂದು ಬರೆದಿದ್ದರು. “ನೀವು ಬೇಡ ಅಂದರೆ ಬೇಡ ಡಾಕ್ಟ್ರೇ” ಎಂದರು ತಾಯಿ.

“ಈಗ ರೆಗ್ಯುಲೇಟರ್ ಕಳಚಿದರೆ ಏನು ಮಾಡುತ್ತೀಯಪ್ಪಾ?” ಎಂದು ಕೇಳಿದೆ.

ಅವನು ಉತ್ತರ ಹೇಳಲಿಲ್ಲ. ಕುರ್ಚಿಯಲ್ಲಿ ಕುಳಿತಲ್ಲೇ ಬಲ ಭುಜ ತಗ್ಗಿಸಿ, ತೊಡೆ ಸವರಿ ಕೈಯನ್ನು ಹಿಂದಕ್ಕೆ ಒಯ್ದು, ಸುತ್ತಿಸಿ ಮುಂದಕ್ಕೆ ತಂದ. ಅಷ್ಟು ಹೊತ್ತೂ ಅವನ ತುಟಿ “ಆ...” ಎನ್ನುತ್ತಿತ್ತು. ನಾನು ಫಾರಂಗೆ ಸಹಿ ಹಾಕಿ, ನೆಗಡಿಯಿದ್ದ ದಿನ ಇಳಿಯಬಾರದೆಂದು ಇನ್ನೊಮ್ಮೆ ಹೇಳಿ ಕಳುಹಿಸಿದೆ.